ಹಾವೇರಿ ಸೀಮೆಯ ಕಾಮಣಿಯೂ ಯಕೃತ್ತಿನ ಅರ್ಬುದವೂ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಎಂದರೆ 1997ಕ್ಕೆ ಮುಂಚಿನ ದೀರ್ಘಾವಧಿಯಲ್ಲಿ, ಕಣ್ಣು ಹಳದಿಗಟ್ಟಿದವನಿಗೆ ಕಾಮಣಿಯಾಗಿದೆಯೆಂದು ನಿರ್ಣಯಿಸಿ, ನೆಲನೆಲ್ಲಿಯ ರಸ ಕುಡಿಸಿ, ಎಣ್ಣೆ ಖಾರಗಳನ್ನು ಬಿಡಿಸಿ ಪಥ್ಯದಲ್ಲಿರಿಸುವುದು ಹಳ್ಳಿಹಳ್ಳಿಯ ವಾಡಿಕೆಯಾಗಿದ್ದಿತು. ಬಹುಮಂದಿಗೆ ಹಳದಿ ತಾನಾಗಿ ಇಳಿಯುತ್ತಿದ್ದುದರಿಂದ ಔಷಧದ ಮೇಲಣ ವಿಶ್ವಾಸವು ಬಲಿಯಿತು. ಆದರೆ ಕೆಲವರ ರಕ್ತದಲ್ಲಿ ರೋಗಬೀಜವು ನೆಲಸಿ, ದಶಕಗಳ ತರುವಾಯ ಯಕೃತ್ತಿನಲ್ಲಿ ಅರ್ಬುದವನ್ನು ಹುಟ್ಟಿಸಬಲ್ಲುದೆಂಬ ಅರಿವು, 1960ರ ದಶಕದಲ್ಲಿ ಅಮೆರಿಕದ ಬರೂಕ್ ಬ್ಲಂಬರ್ಗ್ ಹೆಪಟೈಟಿಸ್ ಬಿ ವೈರಸ್ಸಿನ ಕುರುಹನ್ನು ಕಂಡ ಬಳಿಕವೇ ಕ್ರಮೇಣ ಸ್ಪಷ್ಟವಾಯಿತು. ನೆಲನೆಲ್ಲಿ ಕೊಟ್ಟವರನ್ನು ಅಜ್ಞರೆಂದು ಜರೆಯಲು ನನಗೆ ಮನಸ್ಸು ಬಾರದು. ಆ ಶೋಧಕ್ಕೆ ಮುಂಚೆ ದೊಡ್ಡ ದೊಡ್ಡ ಆಸ್ಪತ್ರೆಗಳಿಗೂ ಈ ನಂಟು ಗೊತ್ತಿರಲಿಲ್ಲ.

ರೋಗಬೀಜವೊಂದೇ ಕಾರಣವಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ತಿಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ ಪತ್ತೆಯಾದ ಅಫ್ಲಾಟಾಕ್ಸಿನ್ ಎಂಬ ವಿಷವು, ತೇವ ಆರದ ಶೇಂಗಾ, ಗೋವಿನಜೋಳ, ಮೆಣಸಿನಕಾಯಿಗಳಲ್ಲಿ ಬೆಳೆಯುವ ಶಿಲೀಂಧ್ರದಿಂದ ಹುಟ್ಟುವಂಥದು, ಯಕೃತ್ತಿಗೆ ಅರ್ಬುದಕಾರಕವೆಂದು ಸಿದ್ಧವಾದುದು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿಯ ಡಬ್ಬಿ, ಕಡ್ಡಿ ಮೆಣಸಿನಕಾಯಿಗೇ ಈ ದೋಷವನ್ನು ಹೊರಿಸುವುದು ಅನ್ಯಾಯ. ಆದರೂ ಕಣದಲ್ಲಿ ಕಾಯಿ ಹರವಿದ ವೇಳೆ ಅಕಾಲದ ಮಳೆ ಬಿದ್ದರೆ ರೈತನು ಪಡುವ ಆತಂಕಕ್ಕೆ ದರವೊಂದೇ ಕಾರಣವಾಗಬಾರದೆಂದು ನನಗೆ ತೋರುತ್ತದೆ.

ಇನ್ನು ಈ ಅರ್ಬುದದ ಗಡ್ಡೆಯನ್ನು ಕಾಣುವ ಬಗೆ. ಯಕೃತ್ತು ಬಹುಕಾಲ ನೋವನ್ನೇ ಹೇಳದ ಅಂಗವಾದುದರಿಂದ, 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾದ ಕಾಲಕ್ಕೂ, ರಾಣೆಬೆನ್ನೂರಿನಿಂದ ರೈಲು ಹತ್ತಿ ಹೋದ ರೋಗಿಯ ಪಕ್ಕೆಯ ಕೆಳಗೆ ಗಡುಸು ಗಂಟು ವೈದ್ಯನ ಕೈಗೆ ತಾಕುವ ಹೊತ್ತಿಗೆ ಕಾಲ ಮೀರಿರುತ್ತಿತ್ತು. ಮೃದುವಾದ ಆ ಅಂಗದೊಳಗಣ ಗಡ್ಡೆಯನ್ನು ಸಾಮಾನ್ಯ ಎಕ್ಸ್‌ರೇ ಬೇರ್ಪಡಿಸಿ ತೋರಲಾರದು. ದಾರಿ ತೆರೆದದ್ದು ರಕ್ತದ ವಿಚಾರದಿಂದ. ಆರೋಗ್ಯವಂತ ಯಕೃತ್ತು ತನ್ನ ರಕ್ತದ ಸುಮಾರು ಮುಕ್ಕಾಲು ಪಾಲನ್ನು ಕರುಳಿನಿಂದ ಬರುವ ದ್ವಾರಸಿರೆಯಿಂದಲೂ ಉಳಿದುದನ್ನು ಧಮನಿಯಿಂದಲೂ ಪಡೆಯುತ್ತದೆ. ಗಡ್ಡೆಯಾದರೋ, ಕಾಲುವೆಯ ನೀರನ್ನೊಲ್ಲದೆ ಸ್ವಂತ ಬಾವಿ ತೋಡಿಕೊಂಡ ಹೊಲದಂತೆ, ಬಹುಮಟ್ಟಿಗೆ ಧಮನಿಯನ್ನೇ ನೆಚ್ಚುತ್ತದೆಂಬುದನ್ನು 1954ರಲ್ಲಿ ಬ್ರೀಡಿಸ್ ಮತ್ತು ಯಂಗ್ ಎಂಬ ಸಂಶೋಧಕರು ತೋರಿಸಿಕೊಟ್ಟರು. 1973ರಲ್ಲಿ ವಿಜ್ಞಾನಿ ಪಾಲ್ ಲಾಟರ್‌ಬರ್ ಕಾಂತಕ್ಷೇತ್ರದ ನೆರವಿನಿಂದ ಮೊದಲ ಚಿತ್ರವನ್ನು ಪಡೆದು ಎಂಆರ್‌ಐಗೆ ಬುನಾದಿ ಹಾಕಿದನು. 1988ರಲ್ಲಿ ಗ್ಯಾಡೋಲಿನಿಯಮ್ ಲೋಹದ ಸಂಯುಕ್ತವೊಂದು, ಎಂಆರ್‌ಐ ಚಿತ್ರದಲ್ಲಿ ರಕ್ತ ಹರಿದೆಡೆಯನ್ನು ಬೆಳಗಿಸುವ ಕಾಂಟ್ರಾಸ್ಟ್ ದ್ರವವಾಗಿ, ವೈದ್ಯರ ಕೈ ಸೇರಿತು. ಅದನ್ನು ಕೈಯ ಸಿರೆಗೆ ಚುಚ್ಚಿದ ಅರ್ಧ ನಿಮಿಷದೊಳಗೆ, ಧಮನಿಯ ರಕ್ತವು ಮೊದಲು ತಲುಪುವುದರಿಂದ, ಗಡ್ಡೆಯು ಬೆಳಗುತ್ತದೆ. ನಿಮಿಷವೊಂದು ಕಳೆಯುವಷ್ಟರಲ್ಲಿ ದ್ವಾರಸಿರೆಯ ರಕ್ತವೂ ಬಂದು ಸುತ್ತಣ ಯಕೃತ್ತು ಹೊಳೆಯತೊಡಗಿ, ಗಡ್ಡೆಯು ಮಂಕಾಗುತ್ತದೆ. ಮೊದಲು ಬೆಳಗಿ ಬಳಿಕ ಮಾಸುವ ಈ ಕ್ರಮವು, ವೈರಸ್ಸಿನಿಂದಲೋ ಮದ್ಯದಿಂದಲೋ ಮೊದಲೇ ಜರ್ಜರಿತವಾದ ಯಕೃತ್ತಿನಲ್ಲಿ ಕಂಡುಬಂದರೆ, ಸೂಜಿ ಚುಚ್ಚಿ ಮಾಂಸದ ತುಣುಕು ತೆಗೆಯದೆಯೇ ಅರ್ಬುದವೆಂದು ಅನೇಕ ವೇಳೆ ನಿಶ್ಚಯಿಸಬಹುದು. ಯಕೃತ್ತಿನ ಕೋಶಗಳೇ ಹೀರಿಕೊಳ್ಳುವ ಗ್ಯಾಡೋಕ್ಸೆಟೇಟ್ ಎಂಬ ಮತ್ತೊಂದು ಸಂಯುಕ್ತವು ಸುಮಾರು 20 ನಿಮಿಷಗಳ ಅನಂತರ ಸಣ್ಣ ಗಡ್ಡೆಗಳನ್ನೂ ಕಪ್ಪಾಗಿ ಎತ್ತಿ ತೋರುತ್ತದೆ. ಮೂತ್ರಪಿಂಡ ಕುಂದಿದವರಿಗೆ ಮಾತ್ರ ಇಂಥ ಲೋಹಸಂಯುಕ್ತಗಳನ್ನು ಕೊಡುವಾಗ ಎಚ್ಚರವಿರಬೇಕು.

ಹೆಪಟೈಟಿಸ್ ಬಿ ಲಸಿಕೆಯು 2011ರಲ್ಲಿ ದೇಶದ ಎಲ್ಲ ಶಿಶುಗಳ ಪಾಲಿಗೆ ಬಂದಿತು. ಅವರ ತಂದೆತಾಯಿಯರ ತಲೆಮಾರಿಗೆ ಆ ರಕ್ಷೆ ಎಳವೆಯಲ್ಲಿ ದೊರೆಯಲಿಲ್ಲ. ಅಂಥವರಲ್ಲಿ ವೈರಸ್ಸು ನೆಲಸಿ ಯಕೃತ್ತು ಕೆಟ್ಟವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಪರೀಕ್ಷೆ, ಅದರಲ್ಲಿ ಶಂಕೆ ಮೂಡಿದರೆ ಕಾಂಟ್ರಾಸ್ಟ್ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್, ಇದು ಈಗಿನ ವೈದ್ಯಪದ್ಧತಿ.