ಕೋಲಾರಕ್ಕೂ ಕಡಲಿಗೂ ಏನು ಸಂಬಂಧ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಈ ಹೆಸರು ಕೇಳಿದರೆ ನೆನಪಾಗೋದು ಬತ್ತಿದ ಕೆರೆ, ಸಾವಿರ ಅಡಿ ಬೋರ್‌ವೆಲ್. ಸಮುದ್ರವಂತೂ ಅಲ್ಲ. ಆದರೆ ಕಡಲಿಗೆ ಬೇಡವಾದ ಅಣುತ್ಯಾಜ್ಯದ ಪ್ರಶ್ನೆ ಒಂದು ದಿನ ಈ ಜಿಲ್ಲೆಯ ಬಾಗಿಲನ್ನೇ ತಟ್ಟಿತ್ತು ಅಂದ್ರೆ ನಂಬ್ತೀರಾ?

ಮೊದಲಿಂದ ಹೇಳ್ತೀನಿ. 1946ರಲ್ಲಿ ಅಮೆರಿಕ ಕ್ಯಾಲಿಫೋರ್ನಿಯಾದ ಆಚೆ ಅಣುತ್ಯಾಜ್ಯವನ್ನು ಮೊದಲ ಬಾರಿಗೆ ಸಮುದ್ರಕ್ಕೆ ಹಾಕಿತು. ಬ್ರಿಟನ್, ಸೋವಿಯತ್ ಒಕ್ಕೂಟ ಹಿಂದೆ ಬೀಳಲಿಲ್ಲ. ಡ್ರಮ್ಮುಗಳಿಗೆ ತುಂಬಿ ಮುಳುಗಿಸಿದರು. ಬಾಂಬ್ ಪರೀಕ್ಷೆಗಳ ವಿಕಿರಣದ ಧೂಳು ಮಳೆಯ ಜೊತೆ ಕಡಲಿಗಿಳಿಯಿತು. ಲೆಕ್ಕ ಸರಳ: ಅಷ್ಟು ದೊಡ್ಡ ಸಮುದ್ರ, ಎಲ್ಲಾ ಕರಗಿ ಹೋಗುತ್ತೆ!

ಹೋಗಲಿಲ್ಲ ಸ್ವಾಮಿ. ಸೀಸಿಯಂ-137 ಉಪ್ಪಿನ ಹಾಗೆ ನೀರಲ್ಲಿ ಕರಗಿ ಪ್ರವಾಹದ ಜೊತೆ ಹೊರಟುಬಿಡುತ್ತೆ. ಅದು ಅರ್ಧಕ್ಕಿಳಿಯಲು 30 ವರ್ಷ ಬೇಕು. ಪ್ಲುಟೋನಿಯಂ ಬಹುಪಾಲು ಕೆಸರಿನ ಕಣಕ್ಕೆ ಅಂಟಿ ತಳ ಸೇರುತ್ತೆ. ಬ್ರಿಟನ್ನಿನ ಸೆಲ್ಲಾಫೀಲ್ಡ್‌ನಿಂದ ಐರಿಷ್ ಸಮುದ್ರಕ್ಕೆ ಬಿಟ್ಟ ಸೀಸಿಯಂ ನಾರ್ವೆ ದಾಟಿ ಆರ್ಕ್ಟಿಕ್‌ನಲ್ಲಿ ಪತ್ತೆಯಾಯಿತು. ಕೊನೆಗೆ 1993ರಲ್ಲಿ ಲಂಡನ್ ಒಪ್ಪಂದದ ದೇಶಗಳು ಕಡಲಲ್ಲಿ ಅಣುತ್ಯಾಜ್ಯ ಮುಳುಗಿಸುವುದನ್ನೇ ನಿಷೇಧಿಸಲು ತೀರ್ಮಾನಿಸಿದವು.

ಹಾಗಾದ್ರೆ ಎಲ್ಲಿಡೋದು? ಭೂಮಿಯ ಆಳದಲ್ಲಿ. ಆ ಯೋಚನೆಯೂ ಹಳೆಯದೇ. 1980ರ ದಶಕದಲ್ಲೇ ಭಾಭಾ ಅಣು ಸಂಶೋಧನಾ ಕೇಂದ್ರದವರು ಕೆಜಿಎಫ್ ಗಣಿಯೊಳಗೆ, ಸುಮಾರು 1000 ಮೀಟರ್ ಆಳದಲ್ಲಿ, ಬಂಡೆಗೆ ಹೀಟರ್ ಇಟ್ಟು ಬಿಸಿ ಹೇಗೆ ತಾಳುತ್ತೆ ಅಂತ ನೋಡಿದ್ದರು. ತ್ಯಾಜ್ಯ ತಂದಿರಲಿಲ್ಲ, ಬರೀ ಶಾಖದ ಪರೀಕ್ಷೆ. 2001ರಲ್ಲಿ ಗಣಿ ಮುಚ್ಚಿತು, ಸುರಂಗಗಳಿಗೆ ನೀರು ತುಂಬಿತು. 2012ರ ನವೆಂಬರ್‌ನಲ್ಲಿ, ಕೂಡಂಕುಳಂ ವಿಚಾರಣೆ ವೇಳೆ, ಸುಪ್ರೀಂ ಕೋರ್ಟಿನಲ್ಲಿ ಕೋಲಾರದ ಗಣಿಯ ಹೆಸರು ಕೇಳಿಬಂತು. ಜನ ಬೀದಿಗಿಳಿದರು. ಅಂಥ ಯೋಜನೆಯೇ ಇಲ್ಲ ಅಂತ ಸ್ಪಷ್ಟನೆ ಬಂತು.

ಆಳದ ಬಂಡೆಯಲ್ಲಿ ತ್ಯಾಜ್ಯ ಇಡೋದು ಅವಿವೇಕ ಅಂತ ನಾನು ಹೇಳ್ತಿಲ್ಲ. ಫಿನ್ಲೆಂಡ್ ಅದಕ್ಕೆಂದೇ ಹೊಸ ಸುರಂಗ ಕೊರೆದಿದೆ. ಊರಿನ ಪುರಸಭೆಯ ಒಪ್ಪಿಗೆ ಪಡೆದೇ ಕೊರೆದಿದೆ. ಇಲ್ಲಿ? ಚಿನ್ನ ತೆಗೆದು ಬರಿದು ಮಾಡಿದ ಊರಿನವರಿಗೆ ಸುದ್ದಿ ಗೊತ್ತಾಗಿದ್ದು ಕೋರ್ಟಿನಿಂದ.

ಇನ್ನೊಂದು ಮಾತು. ಕೆಜಿಎಫ್‌ಗೆ ನೀರು ಕೊಟ್ಟ ಬೇತಮಂಗಲ ಕೆರೆ ಪಾಲಾರ್ ನದಿಯದ್ದು. ಆ ಪಾಲಾರ್ ಬಂಗಾಳ ಕೊಲ್ಲಿ ಸೇರೋದು ಕಲ್ಪಾಕ್ಕಂ ಅಣುಸ್ಥಾವರದ ಹತ್ತಿರವೇ. ಕೋಲಾರದಲ್ಲಿ ಕಡಲಿಲ್ಲ, ನಿಜ. ಕಡಲಿಗೆ ಹೋಗುವ ದಾರಿ ಇದೆ. ಇನ್ನೊಮ್ಮೆ ಯಾರಾದರೂ ನಕ್ಷೆಯಲ್ಲಿ ಈ ಜಿಲ್ಲೆಯ ಮೇಲೆ ಬೆರಳಿಡುವ ಮುಂಚೆ, ಇಲ್ಲಿಯವರನ್ನ ಒಂದು ಮಾತು ಕೇಳಲಿ.