ಮಾಗಡಿ: ಸೈಕಲ್ಲಿನವರು ಟೀ ಕುಡಿದು ಹೋಗುವ ಊರು

ಭಾನುವಾರ ಬೆಳಗ್ಗೆ ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ನಮ್ಮ ಕಡೆ ರಸ್ತೆಗಳಲ್ಲಿ ಸೈಕಲ್ಲಿನವರ ಸಾಲು ಶುರುವಾಗಿರುತ್ತೆ, ನೀವೂ ನೋಡಿರ್ತೀರಿ. ಬೆಂಗಳೂರಿಂದ ಹೊರಟು ದೊಡ್ಡಆಲದಮರ, ಮಂಚನಬೆಲೆ, ಸಾವನದುರ್ಗ ಹಾದು ಮಾಗಡಿಗೆ ಬಂದು, ತಾವರೆಕೆರೆ ಕಡೆಯಿಂದ ವಾಪಸ್. ಹೆಚ್ಚುಕಮ್ಮಿ ನೂರು ಕಿಲೋಮೀಟರ್. ಇವರಲ್ಲಿ ಕೆಲವರು ಬ್ರೆವೆ ಅಂತ ಇನ್ನೂ ದೂರದ ಸವಾರಿ ಮಾಡೋರು. 200 ಕಿ.ಮೀ. ದಾರಿಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಂತೆ. ನಮ್ಮಪ್ಪನ ಕಾಲದವರು ಎರಡು ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು ತುಳಿದದ್ದನ್ನ ಯಾರೂ ಗಂಟೆ ಹಿಡಿದು ಅಳೆಯಲಿಲ್ಲ, ಇರಲಿ.

ಇವರೆಲ್ಲ ಬೆಟ್ಟದ ಫೋಟೋ ತೆಗೀತಾರೆ, ಮಾಗಡಿಯಲ್ಲಿ ಇಡ್ಲಿ ತಿಂದು ಟೀ ಕುಡೀತಾರೆ, ಹೋಗ್ತಾರೆ. ಊರು ಏನು ಅಂತ ಕೇಳಿದರೆ ಹೇಳೋಕೆ ನಮ್ಮ ಹುಡುಗರಿಗೂ ಗೊತ್ತಿಲ್ಲ. ಅದಕ್ಕೇ ಇವತ್ತಿನ ಬರಹ.

ಬೆಂಗಳೂರು ಕಟ್ಟಿದ ಹಿರಿಯ ಕೆಂಪೇಗೌಡರನ್ನು ಜನ 'ಮಾಗಡಿ ಕೆಂಪೇಗೌಡ' ಅಂತಲೇ ಕರೀತಾರೆ. ಆದರೆ ಅವರು ಯಲಹಂಕ ನಾಡಪ್ರಭು. ಬೆಂಗಳೂರಿನ ಕೋಟೆ ಕಟ್ಟಿಸಿದ್ದು 1537ರಲ್ಲಿ. ಮಾಗಡಿ ಹೆಸರು ಈ ವಂಶಕ್ಕೆ ಗಟ್ಟಿಯಾಗಿ ಅಂಟಿದ್ದು ಬೆಂಗಳೂರು ಕೈಬಿಟ್ಟ ಮೇಲೆ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ದಂಡೆತ್ತಿ ಬಂದ. ಬೆಂಗಳೂರು ಶಹಾಜಿಗೆ ಜಹಗೀರಾಗಿ ಹೋಯಿತು. ಇಮ್ಮಡಿ ಕೆಂಪೇಗೌಡರು ಮಾಗಡಿಯನ್ನೇ ರಾಜಧಾನಿ ಮಾಡಿಕೊಂಡರು. ಅಲ್ಲಿಂದ 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿ ಹಿಡಿದು ಕೊನೆಯ ಪ್ರಭುವನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯುವ ತನಕ ತೊಂಬತ್ತು ವರ್ಷ. ಲೆಕ್ಕ ಹಾಕಿ ನೋಡಿ, ಬೆಂಗಳೂರು ಅವರ ಕೈಯಲ್ಲಿದ್ದದ್ದು ನೂರೊಂದು ವರ್ಷ ಅಷ್ಟೇ. ಅಂದರೆ ಈ ವಂಶದ ಹೆಚ್ಚುಕಮ್ಮಿ ಅರ್ಧ ಕಥೆ ನಮ್ಮ ಊರಿನದು. ವಿಮಾನ ನಿಲ್ದಾಣ, ಬಸ್ ನಿಲ್ದಾಣ, ಮೆಟ್ರೋ ನಿಲ್ದಾಣ ಎಲ್ಲಕ್ಕೂ ಅವರ ಹೆಸರಿದೆ, ಸಂತೋಷ. ಊರೊಳಗಿನ ಕೋಟೆ, ಸೋಮೇಶ್ವರನ ಗುಡಿ, ತಿರುಮಲೆಯ ರಂಗನಾಥಸ್ವಾಮಿ ಗುಡಿ, ಇವನ್ನು ನೋಡೋಕೆ ಸೈಕಲ್ಲಿನವರು ಮುಖ್ಯರಸ್ತೆ ಬಿಟ್ಟು ಸ್ವಲ್ಪ ಒಳಗೆ ತಿರುಗಿದರೆ ಸಾಕು.

ಈಗ ಬೆಟ್ಟದ ವಿಷಯ. 1340ರ ಮಾಡಬಾಳ್ ಶಾಸನದಲ್ಲಿ, ಹೊಯ್ಸಳ ಮೂರನೇ ಬಲ್ಲಾಳನ ಕಾಲದ್ದು, ಇದರ ಹೆಸರು 'ಸಾವಂದಿ'. ಬೆಟ್ಟದ ಬುಡದ ವೀರಭದ್ರನನ್ನು ಈಗಲೂ ಸಾವಂದಿ ವೀರಭದ್ರ ಅಂತೀವಲ್ಲ, ಆ ಮಾತಿಗೆ ಏಳುನೂರು ವರ್ಷದ ಹತ್ತಿರ ಆಯಸ್ಸು.

1791ರ ಕಥೆಯನ್ನು ರೈತರು ಕೇಳಲೇಬೇಕು, ಯಾಕಂದರೆ ಅದು ಎತ್ತಿನ ಕಥೆ. ಆ ವರ್ಷ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಟಿಪ್ಪುವಿನ ಶ್ರೀರಂಗಪಟ್ಟಣದ ತನಕ ಹೋದ. ಮೇವಿಲ್ಲ, ಮಳೆ ಹಿಡೀತು, ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯೋಕೆ ದನ ಇಲ್ಲದೆ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಬೆಂಗಳೂರಿಗೆ ವಾಪಸಾದ. ಮತ್ತೆ ಹೋಗಬೇಕಾದರೆ ಬಂಜಾರರ ಎತ್ತುಗಳ ಮೇಲೆ ಬರುವ ದವಸಕ್ಕೆ ದಾರಿ ಭದ್ರ ಇರಬೇಕು. ಆ ದಾರಿಯ ಮಗ್ಗುಲಲ್ಲೇ ಸಾವನದುರ್ಗ ಕೂತಿತ್ತು. ಸುತ್ತ ಬಿದಿರುಮೆಳೆ, ಜ್ವರದ ಕಾಡು, ಮೇಲೆ ನುಣುಪು ಬಂಡೆ. ಇದನ್ನು ಹತ್ತೋಕಾಗಲ್ಲ ಅಂತಲೇ ಎಲ್ಲರ ನಂಬಿಕೆ. ಕಾಡು ಕಡಿದು, ದಾರಿ ಮಾಡಿ, ಫಿರಂಗಿಗಳನ್ನು ಹತ್ತಿರ ಎಳೆದು ತಂದು ಗೋಡೆ ಒಡೆದರು. ಡಿಸೆಂಬರ್ 21ಕ್ಕೆ ನುಗ್ಗಿದರು, ಕೋಟೆ ಅವತ್ತೇ ಬಿತ್ತು. ಕೆಲವೇ ದಿನಕ್ಕೆ ಹುತ್ರಿದುರ್ಗವೂ ಹೋಯಿತು. ನಮ್ಮ ಲೆಕ್ಕದಲ್ಲಿ ಡಿಸೆಂಬರ್ 21 ಅಂದರೆ ಅವರೆಕಾಯಿಗೆ ಸೊಗಡು ಬರುವ ಕಾಲ. ಆ ದಂಡು ಯಾರ ಹೊಲ ತುಳಿದು ಹೋಯಿತೋ, ಅದನ್ನು ಯಾವ ಪುಸ್ತಕವೂ ಬರೆದಿಲ್ಲ.

ಆಮೇಲೆ ಇದೇ ದಾರಿಯಲ್ಲಿ ನೀರೂ ಹೋಯಿತು. ಅರ್ಕಾವತಿ, ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರ ಆಗಿ ಬೆಂಗಳೂರಿಗೆ ಕುಡಿಯುವ ನೀರು ಹರಿಯಿತು. ಕೊನೆಗೆ ನಗರದ ಕೊಳೆಯೇ ಆ ನೀರನ್ನು ಕೆಡಿಸಿತು. ಸೈಕಲ್ಲಿನವರಿಗೆ ಇದನ್ನೂ ಹೇಳಬೇಕು, ಬೇಜಾರು ಮಾಡ್ಕೊಂಡರೂ ಸರಿ.

ಇನ್ನೊಂದು ಮಾತು. ಹಿರಿಯ ಕೆಂಪೇಗೌಡರ ಸಮಾಧಿಯನ್ನು ಗುರುತಿಸಿದ್ದು ಮೊನ್ನೆಮೊನ್ನೆ, 2015ರಲ್ಲಿ, ನಮ್ಮದೇ ತಾಲ್ಲೂಕಿನ ಕೆಂಪಾಪುರದಲ್ಲಿ. ಅಲ್ಲಿನ ಕಲ್ಲಿನ ಮೇಲಿದ್ದ ಬರಹವೇ ಸಾಕ್ಷಿ. ಅವರು ತೀರಿಹೋಗಿ ನಾಲ್ಕೂವರೆ ಶತಮಾನ ಆಗುವ ಹೊತ್ತಿಗೆ! ಜೆಸಿಬಿ ತಂದು ಬದು ಸರಿಮಾಡಿಸುವಾಗ, ಸೈಟು ಮಾಡೋಕೆ ಜಮೀನು ಮಟ್ಟ ಮಾಡುವಾಗ, ಅಕ್ಷರ ಇರೋ ಕಲ್ಲು, ವೀರಗಲ್ಲು, ಹಳೇ ತೂಬಿನ ಕಲ್ಲು ಸಿಕ್ಕಿದರೆ ಒಡೆಸಿ ಕಾಂಪೌಂಡಿಗೆ ಹಾಕಬೇಡಿ. ತಹಶೀಲ್ದಾರ್ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ನಿಮ್ಮ ಊರಲ್ಲಿ ಈಗಾಗಲೇ ಅಂಥ ಕಲ್ಲು ಇದ್ದರೆ ಬೆಳಗಿನ ಎಳೆ ಬಿಸಿಲಲ್ಲಿ ಪಕ್ಕದಿಂದ ಬೆಳಕು ಬೀಳುವಾಗ ಫೋಟೋ ತೆಗೆದು, ಊರಿನ ಹೆಸರು, ಯಾವ ಕೆರೆ ಏರಿ, ಯಾವ ಗುಡಿ ಹತ್ತಿರ ಅಂತ ಬರೆದು ಕಳಿಸಿ. ಸುಣ್ಣ ಬಳಿದಿದ್ದರೆ ಕೆರೆಯೋಕೆ ಹೋಗಬೇಡಿ, ಹಾಗೇ ಕಳಿಸಿ.