ವಿದ್ಯಾಧನವೂ ಮೃತ್ಯುಪತ್ರವೂ

ವಿದ್ಯೆಗೆ ದಾಯಾದರ ಭಯವಿಲ್ಲವೆಂದು ಪಾಠಶಾಲೆಯ ಬಾಲಕರೆಲ್ಲರೂ ಕಲಿತಿರುವರು. ಆದರೆ ವಿದ್ಯೆಯಿಂದ ಬಂದ ಹಣಕ್ಕೆ ಆ ಭಯವು ಬಹುಕಾಲದ ವರೆಗೆ ಇದ್ದಿತು. ಈ ಪಾಠವು ಮಾತ್ರ ನ್ಯಾಯಾಲಯದಲ್ಲಿಯೇ ದೊರೆಯತಕ್ಕದ್ದು. ನಮ್ಮ ಜನರಿಗೆ ಕಲಿತ ಶಾಲೆಯ ಸ್ಮರಣೆಯಿಲ್ಲ, ಪರದೇಶದವರಂತೆ ಮರಣಕಾಲದಲ್ಲಿ ಆಸ್ತಿಯ ಒಂದು ಪಾಲನ್ನು ಅದಕ್ಕೆ ಬಿಟ್ಟುಹೋಗುವದಿಲ್ಲ ಎಂಬ ದೂರು ಆಗಾಗ ಕೇಳಬರುತ್ತದೆ. ಜಾನ್ ಹಾರ್ವರ್ಡನೆಂಬವನು 1638ರಲ್ಲಿ ತನ್ನ ಆಸ್ತಿಯ ಅರ್ಧವನ್ನೂ ಪುಸ್ತಕಗಳನ್ನೂ ಅಮೇರಿಕೆಯ ಒಂದು ಹೊಸ ಕಾಲೇಜಿಗೆ ಬಿಟ್ಟನಷ್ಟೆ. (ಅವನು ಅಲ್ಲಿ ಓದಿದವನಲ್ಲ, ಕೇಂಬ್ರಿಜ್ಜಿನವನು ಎಂಬುದನ್ನು ಅವನನ್ನು ಉದಾಹರಿಸುವವರು ಹೇಳುವದಿಲ್ಲ.) ಅವನ ಆಸ್ತಿಗೆ ಅವನೊಬ್ಬನೇ ಒಡೆಯನಾಗಿದ್ದನು. ಮಾವಳ್ಳಿಯ ಕಡೆಯ ಒಬ್ಬ ತರುಣನು ಘಟ್ಟವನ್ನೇರಿ ಧಾರವಾಡಕ್ಕೆ ಹೋಗಿ, 1917ರಲ್ಲಿ ತೆರೆದ ಕರ್ನಾಟಕ ಕಾಲೇಜಿನಲ್ಲಿ ಓದಿ, ಮುಂದೆ ವಕೀಲಿಯಲ್ಲಿ ಹಣವನ್ನು ಗಳಿಸಿದನೆನ್ನೋಣ. ಆ ಹಣಕ್ಕೆ ಅವನೊಬ್ಬನೇ ಒಡೆಯನೇ?

ಈ ಪ್ರಶ್ನೆಗೆ ಉತ್ತರವನ್ನು ಬರೆದವನು ಕನ್ನಡನಾಡಿನ ಪಂಡಿತನೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನು. ಬಂಗಾಲವನ್ನು ಬಿಟ್ಟರೆ ಭರತಖಂಡದ ಬಹುಭಾಗದ ಹಿಂದೂ ದಾಯಭಾಗವು ಈ ಗ್ರಂಥವನ್ನು ಅನುಸರಿಸಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬುದು ಅದರ ಮೂಲ ಸಿದ್ಧಾಂತ. ವಿದ್ಯೆಯಿಂದ ಗಳಿಸಿದ ಧನವು ಗಳಿಸಿದವನದೇ ಹೌದು, ಆದರೆ ಒಂದು ನಿಯಮವುಂಟು: ಆ ಗಳಿಕೆಗಾಗಿ ಪಿತೃದ್ರವ್ಯವು ವ್ಯಯವಾಗಿರಬಾರದು.

ಗುರುಕುಲದಲ್ಲಿ ಭಿಕ್ಷಾನ್ನವನ್ನುಂಡು ಓದುವ ವಟುವಿಗೆ ಈ ನಿಯಮವು ಬಾಧಕವಾಗಿರಲಿಲ್ಲ. ಕಾಲೇಜಿನ ಶುಲ್ಕವನ್ನು ಮನೆಯಿಂದ ತಂದವನ ಗತಿಯೇನು? ಸಾಮಾನ್ಯ ಶಿಕ್ಷಣದ ಮಾತು ಬೇರೆ, ವೃತ್ತಿಗೆ ಬೇಕಾದ ವಿಶೇಷ ಶಿಕ್ಷಣದ ಮಾತು ಬೇರೆ ಎಂದು ಆಂಗ್ಲ ನ್ಯಾಯಾಧೀಶರು ಭೇದವನ್ನು ಕಲ್ಪಿಸಿದರು. ಕುಟುಂಬದ ಹಣದಿಂದ ವಿಲಾಯತಿಗೆ ಹೋಗಿ ಐ.ಸಿ.ಎಸ್. ಪದವಿಯನ್ನು ಪಡೆದವನ ಸಂಬಳವು ಕೂಡ ಅವಿಭಕ್ತ ಕುಟುಂಬದ ಸ್ವತ್ತೆಂದು 1921ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಮದರಾಸಿನಲ್ಲಿ ಭಾಷ್ಯಂ ಅಯ್ಯಂಗಾರರು ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಇದರ ಪರಿಹಾರಕ್ಕಾಗಿ ತಂದ ಮಸೂದೆಯು ಕಾಯಿದೆಯಾಗಲಿಲ್ಲ. ಮುಂದೆ ಜಯಕರರ ಪ್ರಯತ್ನದಿಂದ 1930ರಲ್ಲಿ ಹಿಂದೂ ವಿದ್ಯಾರ್ಜಿತ ಧನದ ಕಾಯಿದೆಯು ಹುಟ್ಟಿತು. ಯಾರ ಹಣದಿಂದ ಓದಿದ್ದರೂ ವಿದ್ಯೆಯ ಗಳಿಕೆಯು ಓದಿದವನದೇ ಆಯಿತು. ಅಣ್ಣನು ಹೊಲವನ್ನು ಉತ್ತು ತಮ್ಮನನ್ನು ಓದಿಸಿದ ಮನೆಗಳಿಗೆ ಇದರಿಂದ ಅನ್ಯಾಯವಾಗಲಿಲ್ಲವೆಂದು ಹೇಳುವದು ಕಷ್ಟ. ವಿಜ್ಞಾನೇಶ್ವರನ ನಿಯಮದಲ್ಲಿ ಆ ಅಣ್ಣನ ನೆನಪಿದ್ದಿತು. ಇನ್ನು ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನು ಮೃತ್ಯುಪತ್ರದಿಂದ ಕೊಡುವ ಅಧಿಕಾರವು ಹಿಂದೂವಿಗೆ ಬಂದುದು 1956ರ ಉತ್ತರಾಧಿಕಾರ ಕಾಯಿದೆಯ 30ನೆಯ ಕಲಮಿನಿಂದ.

ಇಷ್ಟು ತೊಡಕುಗಳಿರುವಾಗ ಹಿಂದಿನವರಲ್ಲಿ ಯಾರು ಕೊಡಬಲ್ಲವರಾಗಿದ್ದರು? ಪಾಲುಗಾರರಿಲ್ಲದವರು. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯಿಯವರು ಇದಕ್ಕೆ ದೊಡ್ಡ ನಿದರ್ಶನ. ದತ್ತಕರಾಗಿ ಬಂದು ಸಂಸ್ಥಾನದ ಒಡೆತನವನ್ನು ಪಡೆದ ಅವರಿಗೆ ಉಳಿದ ಸಂತಾನವಿರಲಿಲ್ಲ. ಆ ಸಂಪತ್ತನ್ನು ಅವರು ತಮ್ಮ ಸಮಾಜದ ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ ಮೃತ್ಯುಪತ್ರದಲ್ಲಿ ವಿನಿಯೋಗಿಸಿದರು. ಆ ನಿಧಿಯ ವಿದ್ಯಾರ್ಥಿವೇತನಗಳಿಂದ ಉತ್ತರ ಕರ್ನಾಟಕದಲ್ಲಿ ಒಂದು ಪೀಳಿಗೆಯೇ ಓದಿತು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಕಾಲೇಜು ಅವರ ಹೆಸರನ್ನೇ ಹೊತ್ತಿದೆ.

ಕರಾವಳಿಯ ಅನ್ಯಮತೀಯರಿಗೂ ತಡೆಗಳು ಇದ್ದವು. ಭಟಕಳದಲ್ಲಿ ಅಂಜುಮನ್ ಸಂಸ್ಥೆಯು 1919ರಿಂದ ವಿದ್ಯಾಪ್ರಸಾರವನ್ನು ಮಾಡುತ್ತಿರುವದು. ಮುಸಲ್ಮಾನನು ವಾರಸರ ಒಪ್ಪಿಗೆಯಿಲ್ಲದೆ ಮೃತ್ಯುಪತ್ರದಿಂದ ಕೊಡಬಹುದಾದುದು, ಸಾಲವನ್ನು ತೀರಿಸಿ ಉಳಿದುದರಲ್ಲಿ ಮೂರರಲ್ಲೊಂದು ಪಾಲು ಮಾತ್ರ. ಹೆಚ್ಚು ಕೊಡಬೇಕೆನ್ನುವವನು ಆರೋಗ್ಯದಲ್ಲಿರುವಾಗಲೇ ವಕ್ಫು ಮಾಡಬೇಕು. ಹೊನ್ನಾವರದ ಕ್ರೈಸ್ತನಿಗೆ ಇನ್ನೊಂದು ವಿಚಿತ್ರ ಬಂಧನವಿದ್ದಿತು. ಸೋದರನ ಮಕ್ಕಳೋ ಅವರಿಗಿಂತ ಹತ್ತಿರದ ಬಂಧುಗಳೋ ಇದ್ದರೆ, ಧರ್ಮಕಾರ್ಯಕ್ಕೆಂದು ಬರೆದ ಮೃತ್ಯುಪತ್ರವು ಸಾವಿಗೆ ಹನ್ನೆರಡು ತಿಂಗಳ ಮೊದಲೇ ಆಗಿರಬೇಕು, ಬರೆದ ಆರು ತಿಂಗಳೊಳಗೆ ಅದನ್ನು ಸರಕಾರದಲ್ಲಿ ಠೇವಣಿಯಿಡಬೇಕು. ಸಾವಿನ ತಿಥಿಯನ್ನು ಮೊದಲೇ ಬಲ್ಲ ದಾನಿಯು ಎಲ್ಲಿ ಸಿಕ್ಕಾನು! ಈ 118ನೆಯ ಕಲಮನ್ನು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ತೆಗೆದುಹಾಕಿತು.

ಸಾವನ್ನು ಕಾಯದೆ ಕೊಡುವ ಪದ್ಧತಿಯು ನಾಡಿನಲ್ಲಿ ಇನ್ನೂ ಹಳೆಯದು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಶಾಲೆಯನ್ನು ಕಟ್ಟಿಸಿದನೆಂದು 945ರ ಶಾಸನವು ಹೇಳುವದು. ಅಧ್ಯಾಪಕನಿಗೂ ದೀಪಕ್ಕೂ ಭೂಮಿಯನ್ನು ಬಿಟ್ಟುದಲ್ಲದೆ, ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಆ ಅರ್ಧದ ಅರ್ಧ ಎಂದು ಊರವರು ಶಾಲೆಗೆ ಸಲ್ಲಿಸತಕ್ಕದ್ದೆಂದು ಗೊತ್ತುಮಾಡಲಾಗಿದ್ದಿತು. ಮುರ್ಡೇಶ್ವರದಲ್ಲಿ 1928ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಆರ್. ಎನ್. ಶೆಟ್ಟಿಯವರು ಹುಟ್ಟೂರಿನಲ್ಲಿ ವಿದ್ಯಾಸಂಸ್ಥೆಗಳನ್ನು ಕಟ್ಟಿದುದೂ ಜೀವಿತಕಾಲದಲ್ಲಿಯೇ.

ಈಗ ಬರೆಯಬಯಸುವ ಹಿಂದೂ ಗೃಹಸ್ಥನಿಗೆ ಉಳಿದಿರುವ ತೊಡಕು ಅಲ್ಪ. ಸಾದಾ ಕಾಗದವು ಸಾಕು, ಇಬ್ಬರು ಸಾಕ್ಷಿಗಳು ಬೇಕು, ನೋಂದಣಿಯು ಕಡ್ಡಾಯವಲ್ಲ. ಆದರೆ ‘ನನ್ನ ಶಾಲೆಗೆ’ ಎಂದಷ್ಟೇ ಬರೆದರೆ ವ್ಯಾಜ್ಯಕ್ಕೆ ಬಾಗಿಲು ತೆರೆದಂತೆ. ಆಸ್ತಿಯನ್ನು ಪಡೆಯತಕ್ಕುದು ಅದನ್ನು ನಡೆಯಿಸುವ ಸಂಘವೋ ವಿಶ್ವಸ್ತ ಮಂಡಲವೋ ಆಗಿರುವದರಿಂದ, ದಫ್ತರದಲ್ಲಿ ನೋಂದಾದ ಅದರ ಪೂರ್ಣ ಹೆಸರನ್ನು ಬರೆದು, ಆ ಸಂಸ್ಥೆಯು ಮುಚ್ಚಿದರೆ ಹಣವು ಯಾವ ಶಾಲೆಗೆ ಹೋಗತಕ್ಕದ್ದೆಂಬುದನ್ನೂ ಅದರ ಕೆಳಗೇ ಕಾಣಿಸಬೇಕು.